ಘಟ್ಟ ಹತ್ತುವುದು ಬೇಗ ಬಂತು, ಗಾಡಿ ನಿಲ್ಲಿಸುವ ಜಾಗಕ್ಕೆ ಒಂದು ವರ್ಷ ಬೇಕಾಯಿತು

ಬೆಳಗಿನ ನಾಲ್ಕು ಗಂಟೆಗೆ ಕುಮಟಾ ಬಿಡುತ್ತೇನೆ. ಗಾಡಿಯ ಹಿಂಬದಿಯಲ್ಲಿ ಬಂಗಡೆ, ತಾರ್ಲೆ, ಒಮ್ಮೊಮ್ಮೆ ಶೆಟ್ಲಿ (ಸಿಗಡಿ). ಕ್ರೇಟಿನ ಮೇಲೆ ಐಸು, ಅದರ ಮೇಲೆ ತಾಡಪಾಲು. ದೇವಿಮನೆ ಘಟ್ಟ ಹತ್ತಿ, ಶಿರಸಿ ಪೇಟೆ ತೆರೆಯುವುದರೊಳಗೆ ಮೀನು ಇಳಿಸಬೇಕು. ಸುಮಾರು 60 ಕಿಲೋಮೀಟರ್ ದಾರಿ. ಐದು ವರ್ಷದಿಂದ ಈ ಗೂಡ್ಸ್ ಗಾಡಿಯನ್ನು ನಾನೇ ಓಡಿಸುತ್ತಿದ್ದೇನೆ. ಈ ಕೆಲಸಕ್ಕೆ ಬರಬೇಕು ಎನ್ನುವ ಹೆಂಗಸರು ಈಗ ನನ್ನ ಹತ್ತಿರ ಬಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಅವ್ವಿ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದಳು. ಬುಟ್ಟಿ ನೋಡಿ ಬಸ್ಸು ನಿಲ್ಲಿಸದೆ ಹೋದ ದಿನಗಳಿದ್ದವು. ಹತ್ತಿಸಿಕೊಂಡರೂ ಹಿಂದಿನ ಮೂಲೆಯೇ ಗತಿ. ಟೆಂಪೋದಲ್ಲಿ ಹೋದರೆ ಅವರು ಹೇಳಿದ್ದೇ ಬಾಡಿಗೆ, ಅವರು ಹೊರಟಿದ್ದೇ ಹೊತ್ತು. ದೋಣಿಯಿಂದ ಇಳಿದ ಮೀನನ್ನು ಆರಿಸುವವರು, ಒಣಗಿಸುವವರು, ಪೇಟೆಯಲ್ಲಿ ಕೂತು ಮಾರುವವರು ನಮ್ಮಲ್ಲಿ ಹೆಚ್ಚಾಗಿ ಹೆಂಗಸರೇ. ನಡುವಿನ ಗಾಡಿ ಮಾತ್ರ ಗಂಡಸರ ಕೈಯಲ್ಲಿತ್ತು. ಲಾಭದ ದೊಡ್ಡ ಪಾಲು ಅಲ್ಲೇ ಉಳಿಯುತ್ತಿತ್ತು. ಆ ಗಾಡಿ ನನ್ನದಾಗಬೇಕು ಎಂದು ನನಗೆ ಆಗಲೇ ಹಠ ಹುಟ್ಟಿತ್ತು. 2009ರಲ್ಲಿ ಪ್ರೇಮಾ ನಡಪಟ್ಟಿ ಅವರು ಬೆಂಗಳೂರಿನಲ್ಲಿ ಬಿಎಂಟಿಸಿ ಬಸ್ಸು ಓಡಿಸಲು ಸೇರಿದ ಸುದ್ದಿ ಓದಿದ್ದೆ. ಅಷ್ಟು ದೊಡ್ಡ ಸ್ಟೇರಿಂಗು ಅವರಿಗೆ ಬಗ್ಗಿದರೆ ಇದು ನನಗೆ ಯಾಕೆ ಬಗ್ಗಬಾರದು ಅನ್ನಿಸಿತು.

ಲೈಸೆನ್ಸ್ ವಿಷಯದಲ್ಲಿ ಸುಮ್ನೆ ಹೆದರಬೇಡಿ. ಕಲಿಕಾ ಲೈಸೆನ್ಸ್ ಆರು ತಿಂಗಳು ನಡೆಯುತ್ತದೆ. 30 ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ಚಿಕ್ಕ ಗೂಡ್ಸ್ ಗಾಡಿಗೆ ಬೇರೆ ಬ್ಯಾಡ್ಜ್ (ಬಾಡಿಗೆ ಗಾಡಿ ಓಡಿಸುವ ಅನುಮತಿ) ಬೇಕೇ ಬೇಕು ಎಂದು ನನ್ನನ್ನು ತಿರುಗಿಸಿದವರಿದ್ದರು. ಲೋಡೂ ಸೇರಿ 7,500 ಕಿಲೋ ಒಳಗಿನ ಗಾಡಿಗೆ ಎಲ್‌ಎಂವಿ, ಅಂದರೆ ಲಘು ಮೋಟಾರು ವಾಹನದ ಲೈಸೆನ್ಸ್ ಸಾಕು ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿತ್ತು. 2024ರ ನವೆಂಬರ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು.

ಸಾಲಕ್ಕೆ ಹೋದಾಗ ಒಂದು ಬ್ಯಾಂಕಿನಲ್ಲಿ "ಮನೆಯಲ್ಲಿ ಗಂಡಸರು ಯಾರೂ ಇಲ್ವಾ?" ಎಂದು ಕೇಳಿದರು. ನಾನು ಎದ್ದು ಬಂದೆ. ಉದ್ಯೋಗಿನಿ ಯೋಜನೆಯ ಬಗ್ಗೆ ಗೊತ್ತಾಗಿದ್ದು ಆಮೇಲೆ, ತಾಲ್ಲೂಕಿನ ಮಹಿಳಾ ಮತ್ತು ಮಕ್ಕಳ ಇಲಾಖೆಯಲ್ಲಿ. ಅದರಲ್ಲಿ 3 ಲಕ್ಷದವರೆಗೆ ಸಾಲಕ್ಕೆ ದಾರಿ ಇದೆ, ಸಹಾಯಧನವೂ ಇದೆ. ಉಳಿದ ಹಣಕ್ಕೆ ಸಂಘದ ಸಾಲ ಮತ್ತು ಅವ್ವಿಯ ಎರಡು ಬಳೆ.

"ಹೆಂಗಸು ಲೋಡ್ ಎತ್ತೋಕಾಗತ್ತಾ?" ಇದನ್ನು ಕೇಳದ ವ್ಯಾಪಾರಿ ಇರಲಿಲ್ಲ. ಹದಿನೈದು ದಿನ ಬಂದರಿನಲ್ಲಿ ನಿಂತು ನೋಡಿದೆ. ಒಬ್ಬ ಡ್ರೈವರೂ ಕ್ರೇಟ್ ಎತ್ತುತ್ತಿರಲಿಲ್ಲ! ಎತ್ತುವವರು ಹಮಾಲರು. ಆ ಕೂಲಿ ವ್ಯಾಪಾರಿಯದ್ದು. ನನ್ನ ಕೆಲಸ ಭಾರ ಒಂದೇ ಕಡೆ ಬೀಳದಂತೆ ಜೋಡಿಸುವುದು ಮತ್ತು ಹಗ್ಗ ಬಿಗಿಯುವುದು. ಟೈರ್ ಬದಲಿಸುವುದೂ ತೋಳಿನ ಬಲದ ಮಾತಲ್ಲ. ಸ್ಪ್ಯಾನರಿನ ಹಿಡಿಗೆ ಎರಡೂವರೆ ಅಡಿ ಕಬ್ಬಿಣದ ಪೈಪು ತೂರಿಸಿ ಅದರ ಮೇಲೆ ಭಾರ ಹಾಕುತ್ತೇನೆ. ಎಂಥ ನಟ್ಟೂ ಸಡಿಲವಾಗುತ್ತದೆ.

ಘಟ್ಟದ ಪಾಠ ಹೇಳಿಕೊಟ್ಟವರು ಒಬ್ಬ ಹಳೆಯ ಲಾರಿ ಡ್ರೈವರ್. "ಹತ್ತಿದ ಗೇರಿನಲ್ಲೇ ಇಳಿ, ಬ್ರೇಕ್ ಕಾಯಿಸಬೇಡ." ಇಷ್ಟೇ ಅವರು ಹೇಳಿದ್ದು. ನಾನು ಶುರು ಮಾಡಿದ ಹೊತ್ತಿಗೆ ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿತ್ತು. ದಾರಿ ಬಂದ್ ಆದಾಗ ದೊಡ್ಮನೆ ಘಟ್ಟ ಹತ್ತಿ ಸಿದ್ದಾಪುರದ ಮೇಲೆ ಸುತ್ತಿ ಹೋಗುತ್ತಿದ್ದೆ. ಇನ್ನೊಂದು ಮಾತು: ಮೀನಿನ ನೀರು ರಸ್ತೆಗೆ ಸುರಿದರೆ ಹಿಂದೆ ಬರುವ ಬೈಕು ಜಾರುತ್ತದೆ. ಗಾಡಿಯ ತಳಕ್ಕೆ ಒಂದು ಕ್ಯಾನ್ ಕಟ್ಟಿಸಿಕೊಳ್ಳಿ. ನಾನು ಮೊದಲ ವಾರವೇ ಕಟ್ಟಿಸಿದೆ.

ಇದೆಲ್ಲ ಎರಡು ತಿಂಗಳಲ್ಲಿ ಕೈಗೆ ಬಂತು. ಗಾಡಿ ಎಲ್ಲಿ ನಿಲ್ಲಿಸಲಿ ಎನ್ನುವುದಕ್ಕೆ ಮಾತ್ರ ಒಂದು ವರ್ಷ ಬೇಕಾಯಿತು.

ಗಂಡಸರು ಎಲ್ಲಿ ಬೇಕೋ ಅಲ್ಲಿ ನಿಲ್ಲಿಸುತ್ತಾರೆ. ಮರದ ಮರೆ ಸಾಕು, ಟೀ ಅಂಗಡಿಯ ಬೆಂಚು ಸಾಕು, ಸೀಟಿನಲ್ಲೇ ಒಂದು ಗಳಿಗೆ ನಿದ್ದೆ. ನನಗೆ ಇದ್ಯಾವುದೂ ಆಗುತ್ತಿರಲಿಲ್ಲ. ಮೊದಲ ತಿಂಗಳುಗಳಲ್ಲಿ ರಾತ್ರಿಯಿಂದಲೇ ನೀರು ಕುಡಿಯುವುದು ಬಿಟ್ಟೆ. ಉರಿಮೂತ್ರವಾಯಿತು, ಜ್ವರ ಬಂತು, ಒಂದು ವಾರದ ಬಾಡಿಗೆ ಹೋಯಿತು. ಮುಟ್ಟಿನ ದಿನಗಳಲ್ಲಿ ಘಟ್ಟ ಮುಗಿಯುವುದೇ ಇಲ್ಲ ಅನ್ನಿಸುತ್ತಿತ್ತು. "ಹೆಂಗಸರು ಈ ಕೆಲಸದಲ್ಲಿ ನಿಲ್ಲುವುದಿಲ್ಲ" ಎಂದು ಜನ ಹೇಳುತ್ತಾರೆ. ನಿಲ್ಲುವುದಕ್ಕೆ ಜಾಗ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ, ಅಲ್ವಾ?

ಕೊನೆಗೆ ನಾನೇ ಜಾಗ ಹುಡುಕಿದೆ. ಕುಮಟಾ ಬದಿಯಲ್ಲಿ ಒಂದು ಪೆಟ್ರೋಲ್ ಬಂಕು. ಶೌಚಾಲಯಕ್ಕೆ ಬೀಗ ಹಾಕಿಡುತ್ತಿದ್ದರು. ಗಿರಾಕಿಗಳಿಗೆ ಶೌಚಾಲಯ ಕೊಡುವುದು ಬಂಕಿನ ಹೊಣೆ. ದಿನಾ ಹೋಗಿ ಕೀಲಿ ಕೇಳಿದೆ. ಕೇಳಿ ಕೇಳಿ ಈಗ ತೆರೆದೇ ಇರುತ್ತದೆ. ಶಿರಸಿಯಲ್ಲಿ ಮೀನು ಪೇಟೆಯ ಹೆಂಗಸರು ಜಾಗ ತೋರಿಸಿದರು. ನಡುವೆ ಬಂಡಲದ ಹತ್ತಿರ ರಸ್ತೆ ಬದಿಗೊಂದು ತೋಟದ ಮನೆ. ಒಂದು ದಿನ ತಡೆಯಲಾಗದೆ ಅಂಗಳದಲ್ಲಿ ನಿಂತು ಕೇಳಿಯೇ ಬಿಟ್ಟೆ. ಆ ಮನೆಯಾಕೆ ಹಿಂದಿನ ಬಾಗಿಲು ತೋರಿಸಿದರು. ಬರುವಾಗ ಒಂದು ಲೋಟ ಬಿಸಿ ಕಷಾಯ ಕೊಟ್ಟರು. ಅವರು ಮೀನು ತಿನ್ನುವವರಲ್ಲ. ವಾಸನೆ ತಾಗದಿರಲಿ ಎಂದು ಗಾಡಿಯನ್ನು ಈಗಲೂ ತಿರುವಿನಾಚೆ ನಿಲ್ಲಿಸುತ್ತೇನೆ. ಬೇಸಿಗೆಯಲ್ಲಿ ಅವರಿಗೆ ಒಂದು ಗೊಂಚಲು ಕುಮಟಾ ಸಿಹಿ ಈರುಳ್ಳಿ ಒಯ್ಯುತ್ತೇನೆ.

ಮಳೆಗಾಲದಲ್ಲಿ ಕಡಿದ ಗುಡ್ಡದ ಬುಡದಲ್ಲಿ ಎಂಥ ಅವಸರಕ್ಕೂ ನಿಲ್ಲಿಸುವುದಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾದ ಹೋಟೆಲೇ ಕೊಚ್ಚಿಹೋಯಿತು. ನಮ್ಮಂಥ ಡ್ರೈವರುಗಳು ನಿಲ್ಲುತ್ತಿದ್ದ ಜಾಗ ಅದು. ಗಂಗಾವಳಿ ದಾಟುವಾಗ ಈಗಲೂ ಎದೆ ಭಾರವಾಗುತ್ತದೆ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಘಟ್ಟದಲ್ಲಿ ಎದುರು ಬರುವ ಬಸ್ಸಿನ ತುಂಬ ಹೆಂಗಸರು. ಕಾಲೇಜಿಗೆ, ಆಸ್ಪತ್ರೆಗೆ, ತವರಿಗೆ ಯಾರ ಹತ್ತಿರವೂ ದುಡ್ಡು ಕೇಳದೆ ಹೊರಟಿದ್ದಾರೆ. ಅವ್ವಿಯ ಕಾಲಕ್ಕೆ ಇದು ಇರಬೇಕಿತ್ತು ಅನ್ನಿಸುತ್ತದೆ. ಆದರೆ ಡ್ರೈವರ್ ಸೀಟಿನಲ್ಲಿ ಒಬ್ಬ ಹೆಂಗಸನ್ನೂ ಈ ದಾರಿಯಲ್ಲಿ ನಾನಿನ್ನೂ ಕಂಡಿಲ್ಲ. ನಿಲ್ದಾಣಗಳಲ್ಲಿ ಮಹಿಳಾ ಸಿಬ್ಬಂದಿ ಮಲಗಲು ಚಿಲಕ ಇರುವ ಒಂದು ಕೋಣೆ, ನೀರಿರುವ ಒಂದು ಶೌಚಾಲಯ ಆಗಲಿ. ನೇಮಕಾತಿ ಜಾಹೀರಾತಿಗಿಂತ ಮೊದಲು ಆಗಬೇಕಾದ ಕೆಲಸ ಅದು.

ಜೂನ್, ಜುಲೈ ಯಾಂತ್ರಿಕ ದೋಣಿಗಳಿಗೆ ರಜೆ. ನನಗೂ ಬಾಡಿಗೆ ಕಡಿಮೆ. ಕಳೆದ ಮಳೆಗಾಲದಲ್ಲಿ ನಮ್ಮ ಕೇರಿಯ ಒಬ್ಬ ಹುಡುಗಿಗೆ ಗಾಡಿ ಕಲಿಸಲು ಶುರು ಮಾಡಿದೆ. ಕ್ಲಚ್ಚು, ಗೇರು ಎಲ್ಲ ಮಾರನೆಯ ದಿನಕ್ಕೆ ಇಟ್ಟೆ. ಮೊದಲ ದಿನ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಘಟ್ಟ ಹತ್ತಿದೆ. ಬಂಡಲದ ಮನೆಯಾಕೆಗೆ ಪರಿಚಯ ಮಾಡಿಸಿದೆ. "ಇನ್ನು ಮೇಲೆ ಇವಳೂ ಬರ್ತಾಳೆ" ಅಂದೆ. ಅವರು ಎರಡು ಲೋಟ ಕಷಾಯ ತಂದರು.