ಥೈರಾಯ್ಡ್ ಮಾತ್ರೆಯನ್ನು ತೆಗೆದುಕೊಳ್ಳುವ ಕ್ರಮ

ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯು ಮುಖ್ಯವಾಗಿ ಸ್ರವಿಸುವುದು ಟಿ4 ಎಂಬ ಹಾರ್ಮೋನನ್ನು. ಅದು ಯಕೃತ್ತು, ಮೂತ್ರಪಿಂಡ ಮೊದಲಾದ ಕಡೆ ಟಿ3 ಆಗಿ ಮಾರ್ಪಟ್ಟು, ಜೀವಕೋಶಗಳನ್ನು ಹೊಕ್ಕು, ದೇಹವು ಎಷ್ಟು ವೇಗವಾಗಿ ಶಕ್ತಿಯನ್ನು ಬಳಸಬೇಕೆಂಬುದನ್ನು ನಿಯಂತ್ರಿಸುತ್ತದೆ. ಇದು ಕಡಿಮೆಯಾದರೆ ಚಯಾಪಚಯವೇ ಮಂದವಾಗಿ, ಆಯಾಸ, ಚಳಿ, ಮಲಬದ್ಧತೆ ಕಾಡುತ್ತವೆ, ಕೊಲೆಸ್ಟರಾಲ್ ಏರುತ್ತದೆ. ವೈದ್ಯರು ಬರೆದುಕೊಡುವ ಲಿವೊಥೈರಾಕ್ಸಿನ್ ಮಾತ್ರೆಯಲ್ಲಿರುವುದು ಇದೇ ಟಿ4.

ಮಾತ್ರೆಯ ಪಟ್ಟಿಯ ಮೇಲೆ 50 ಎಂದಿದ್ದರೆ ಅದು 50 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ 20 ಸಾವಿರದಲ್ಲಿ ಒಂದು ಪಾಲು. ಇಷ್ಟು ಸೂಕ್ಷ್ಮ ಪ್ರಮಾಣದಲ್ಲಿ ಸ್ವಲ್ಪ ಭಾಗ ಕರುಳಿನಲ್ಲಿ ಹೀರಿಕೆಯಾಗದೆ ಹೋದರೂ ಲೆಕ್ಕ ತಪ್ಪುತ್ತದೆ. ನಮ್ಮ ಮನೆಗಳಲ್ಲಿ ಹಾಗೆ ತಪ್ಪಿಸುವುದು ಹೆಚ್ಚಾಗಿ ಬೆಳಗಿನ ಫಿಲ್ಟರ್ ಕಾಫಿ. ಆದ್ದರಿಂದ ರಾತ್ರಿಯೇ ಹಾಸಿಗೆಯ ಪಕ್ಕದಲ್ಲಿ ಮಾತ್ರೆಯನ್ನೂ ಒಂದು ಲೋಟ ನೀರನ್ನೂ ಇಟ್ಟುಕೊಂಡು, ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ನುಂಗಿ, ಕಾಫಿ ತಿಂಡಿಗಳಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಿರಿ. ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆಗಳಿದ್ದರೆ 4 ಗಂಟೆಗಳ ಅಂತರವಿರಲಿ. ಅವನ್ನು ಥೈರಾಯ್ಡ್ ಮಾತ್ರೆಯೊಂದಿಗೇ ನುಂಗಿ, ಡೋಸ್ ಸಾಲದೆಂದು ಕೊರಗುವವರನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ. ಬೆಳಿಗ್ಗೆ ಹೊಂದದಿದ್ದರೆ, ವೈದ್ಯರನ್ನು ಕೇಳಿ, ರಾತ್ರಿಯೂಟವಾಗಿ 3 ಗಂಟೆಗಳ ನಂತರ ಮಲಗುವಾಗ ತೆಗೆದುಕೊಳ್ಳಬಹುದು. ಯಾವ ಹೊತ್ತಾದರೂ ದಿನವೂ ಅದೇ ಹೊತ್ತಾಗಿರಲಿ.

ರಕ್ತಪರೀಕ್ಷೆಯ ವರದಿಯಲ್ಲಿರುವ ಟಿಎಸ್‌ಎಚ್ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರುವ ಹಾರ್ಮೋನು. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಇಳಿದಾಗ ಪಿಟ್ಯುಟರಿ ಹೆಚ್ಚು ಟಿಎಸ್‌ಎಚ್ ಬಿಟ್ಟು ಥೈರಾಯ್ಡನ್ನು ಎಚ್ಚರಿಸುತ್ತದೆ, ಸಾಕಷ್ಟಾದಾಗ ಸುಮ್ಮನಾಗುತ್ತದೆ. ಹಾಗಾಗಿ ಟಿಎಸ್‌ಎಚ್ ಏರಿದೆ ಎಂದರೆ ಸಾಮಾನ್ಯವಾಗಿ ಹಾರ್ಮೋನು ಸಾಲುತ್ತಿಲ್ಲವೆಂದೇ ಅರ್ಥ. ಟಿ4 ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕಾಗುವುದರಿಂದ, ಡೋಸ್ ಬದಲಾದ ಮೇಲೆ ಈ ಹೊಂದಾಣಿಕೆ ನೆಲೆಗೊಳ್ಳಲು 6ರಿಂದ 8 ವಾರ ಹಿಡಿಯುತ್ತದೆ. ಅದಕ್ಕೆ ಮೊದಲೇ ಪರೀಕ್ಷೆ ಮಾಡಿಸಿದರೆ ಅರ್ಧ ದಾರಿಯ ಅಂಕಿಯಷ್ಟೇ ಸಿಗುತ್ತದೆ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಸೇವಿಸುತ್ತಿದ್ದರೆ ಪರೀಕ್ಷೆಗೆ ಮೊದಲೇ ತಿಳಿಸಿ, ಏಕೆಂದರೆ ಅದು ವರದಿಯನ್ನೇ ತಪ್ಪಾಗಿ ತೋರಿಸಬಲ್ಲದು.

ಅಂಕಿ ಸರಿಹೋಯಿತೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಅದು ಸರಿಹೋದದ್ದೇ ಮಾತ್ರೆಯಿಂದ. ಗರ್ಭ ನಿಂತದ್ದು ತಿಳಿದ ದಿನವೇ ವೈದ್ಯರಿಗೆ ಹೇಳಿ: ಮೊದಲ ತಿಂಗಳುಗಳಲ್ಲಿ ಮಗು ತಾಯಿಯ ಹಾರ್ಮೋನನ್ನೇ ನೆಚ್ಚಿಕೊಂಡಿರುತ್ತದೆ, ಡೋಸ್ ಹೆಚ್ಚಿಸಬೇಕಾಗುವುದು ಸಾಮಾನ್ಯ.