ಅಲೆಪ್ಪಿಗೆ ಹೋದರೆ ಸರ್ಕಾರಿ ಬೋಟ್ ಹತ್ತಿ

ಕೇರಳದ ಅಲೆಪ್ಪಿ ಅಂದ್ರೆ ಬರೀ ಹೌಸ್‌ಬೋಟ್ ಅಲ್ಲ. ಬಸ್ ನಿಲ್ದಾಣದ ಹತ್ತಿರವೇ ಬೋಟ್ ಜೆಟ್ಟಿ ಇದೆ. ಅಲ್ಲಿಂದ ಕೊಟ್ಟಾಯಂ ಕಡೆಗೆ ಹೋಗುವ ಸರ್ಕಾರಿ ಬೋಟ್ ಹತ್ತಿ. ಸುಮಾರು ಎರಡೂವರೆ ಗಂಟೆ ದಾರಿ, ಟಿಕೆಟ್ ತುಂಬಾ ಅಗ್ಗ. ಅಂಚಿನ ಸೀಟಿನಲ್ಲಿ ಕೂತರೆ ಕುಟ್ಟನಾಡಿನ ಭತ್ತದ ಗದ್ದೆಗಳು ಕಾಣುತ್ತವೆ. ನೀರು ಮೇಲೆ, ಗದ್ದೆ ಕೆಳಗೆ, ನಡುವೆ ಒಂದು ಏರಿ ಅಷ್ಟೇ! ಮನೆ ಮುಂದಿನ ಮೆಟ್ಟಿಲಲ್ಲಿ ಪಾತ್ರೆ ತೊಳೆಯುತ್ತಿರುತ್ತಾರೆ. ಅದು ಅವರ ಅಂಗಳ ಅಲ್ವಾ, ಸುಮ್ನೆ ಫೋಟೋ ತೆಗೆಯಬೇಡಿ.

ಸಂಜೆ ಬೀಚಿಗೆ ಹೋಗಿ. 18ನೇ ಶತಮಾನದಲ್ಲಿ ತಿರುವಾಂಕೂರಿನ ದಿವಾನ ರಾಜಾ ಕೇಶವದಾಸ್ ಬೆಳೆಸಿದ ಬಂದರು ಇದು. 1862ರ ಲೈಟ್‌ಹೌಸ್ ಈಗಲೂ ನಿಂತಿದೆ. ಇಲ್ಲಿ ನಡೆಯುವ ನೆಹರೂ ಟ್ರೋಫಿ ದೋಣಿ ಸ್ಪರ್ಧೆ ನೋಡುವ ಆಸೆಯಿದ್ದರೆ ದಿನಾಂಕ ವಿಚಾರಿಸಿಯೇ ರೈಲು ಬುಕ್ ಮಾಡಿ.