ತಂತ್ರಾಂಶ ಹಾಕುವ, ತೆಗೆಯುವ ಕ್ರಮ: ವಿಂಡೋಸ್ ಬಳಸುವ ಮನೆಗಳಿಗೆ

ಹೊಸ ತಂತ್ರಾಂಶವೊಂದನ್ನು ಹುಡುಕಲು ಹೊರಡುವ ಮೊದಲು, ಆ ಕೆಲಸವನ್ನು ವಿಂಡೋಸ್ ತಾನೇ ಮಾಡಿಕೊಡುತ್ತದೆಯೇ ಎಂದು ನೋಡಬೇಕು. ಜಿಪ್ ಕಡತವನ್ನು ಬಿಚ್ಚುವುದಕ್ಕಾಗಲಿ, ಪಿಡಿಎಫ್ ಓದುವುದಕ್ಕಾಗಲಿ ಈಗ ಬೇರೆ ತಂತ್ರಾಂಶ ಬೇಕಿಲ್ಲ. ಕನ್ನಡ ಟೈಪಿಸುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ: ವಿಂಡೋಸ್ 10ಕ್ಕೆ 2019ರ ಮೇ ತಿಂಗಳಲ್ಲಿ ಬಂದ ಪರಿಷ್ಕರಣೆಯಿಂದೀಚೆಗೆ, ಇಂಗ್ಲಿಷ್ ಅಕ್ಷರಗಳನ್ನು ಒತ್ತಿದರೆ ಉಚ್ಚಾರಣೆಗೆ ತಕ್ಕ ಕನ್ನಡ ಮೂಡಿಸುವ ಫೊನೆಟಿಕ್ ಕೀಲಿಮಣೆ ಅದರಲ್ಲಿಯೇ ಇದ್ದು, ಸೆಟ್ಟಿಂಗ್ಸ್‌ನ ಭಾಷಾ ವಿಭಾಗದಲ್ಲಿ ಕನ್ನಡವನ್ನು ಸೇರಿಸಿ ಆ ಕೀಲಿಮಣೆಯನ್ನು ಆರಿಸಿಕೊಂಡರೆ ಸಾಕು. ಹಾಕದೇ ಇದ್ದುದನ್ನು ತೆಗೆಯುವ ತೊಂದರೆ ಯಾರಿಗೂ ಇಲ್ಲ.

ಬೇಕೇ ಬೇಕೆಂದಾದರೆ, ತಯಾರಿಸಿದವರ ಸ್ವಂತ ಜಾಲತಾಣದಿಂದ ಅಥವಾ ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಮಾತ್ರ ಇಳಿಸಿಕೊಳ್ಳಿ. ಹುಡುಕಾಟದ ಫಲಿತಾಂಶಗಳಲ್ಲಿ ಎಲ್ಲಕ್ಕಿಂತ ಮೇಲಿರುವುದು ಎಷ್ಟೋ ಸಲ ಜಾಹೀರಾತಾಗಿರುತ್ತದೆ. ಒಂದೇ ಪುಟದಲ್ಲಿ ಮೂರು ನಾಲ್ಕು ಕಡೆ ಡೌನ್‌ಲೋಡ್ ಗುಂಡಿಗಳಿದ್ದರೆ ಅಲ್ಲಿಂದ ಹಿಂದಿರುಗುವುದೇ ಲೇಸು. ಇಳಿದ ಕಡತದ ಮೇಲೆ ಬಲ ಗುಂಡಿ ಒತ್ತಿ, ಪ್ರಾಪರ್ಟೀಸ್ ತೆರೆದು, ಡಿಜಿಟಲ್ ಸಿಗ್ನೇಚರ್ಸ್ ಎಂಬಲ್ಲಿ ತಯಾರಕರ ಹೆಸರಿದೆಯೇ ಎಂದು ನೋಡಬಹುದು. ಉಚಿತವಾಗಿ ಹಂಚುವ ಸಣ್ಣ ತಂತ್ರಾಂಶಗಳಿಗೆ ಸಹಿ ಇಲ್ಲದಿರುವುದೂ ಉಂಟು, ಹಾಗಾಗಿ ಸಹಿ ಇಲ್ಲದ್ದೆಲ್ಲ ಮೋಸವಲ್ಲ. ಆದರೆ ಬ್ಯಾಂಕ್ ವ್ಯವಹಾರ ನಡೆಸುವ ಕಂಪ್ಯೂಟರಿನಲ್ಲಿ ಅಂಥದ್ದನ್ನು ಹಾಕದಿರುವುದು ಜಾಣತನ.

ಅಳವಡಿಸುವಾಗ ನೆಕ್ಸ್ಟ್, ನೆಕ್ಸ್ಟ್ ಎಂದು ಒತ್ತುತ್ತಾ ಹೋಗುವ ಅಭ್ಯಾಸದಿಂದಲೇ ಬೇಡದ ಟೂಲ್‌ಬಾರುಗಳೂ ಬ್ರೌಸರುಗಳೂ ಒಳಗೆ ಬರುತ್ತವೆ. ಕಸ್ಟಮ್ ಎಂಬ ಆಯ್ಕೆ ಕಂಡರೆ ಅದನ್ನೇ ಆರಿಸಿ, ಮೊದಲೇ ಗುರುತು ಹಾಕಿಟ್ಟ ಚೌಕಗಳನ್ನು ಓದಿ, ಬೇಡವಾದುದರ ಗುರುತು ತೆಗೆಯಿರಿ. ಬದಲಾವಣೆಗೆ ಅನುಮತಿ ಕೇಳುವ ಕಿಟಕಿ ತೆರೆದಾಗ, ಎಸ್ ಒತ್ತುವ ಮುನ್ನ ಅದರಲ್ಲಿ ಬರೆದಿರುವ ಪ್ರಕಾಶಕರ ಹೆಸರನ್ನು ಓದಬೇಕು; ನೀವು ಏನನ್ನೂ ಹಾಕುತ್ತಿಲ್ಲದಾಗ ಆ ಕಿಟಕಿ ತಾನಾಗಿ ತೆರೆದರೆ ನೋ ಎಂದೇ ಉತ್ತರಿಸಿ. ಎಲ್ಲಿ ಅಳವಡಿಸಬೇಕೆಂದು ಅದು ಕೇಳುವ ಫೋಲ್ಡರನ್ನು ವಿಶೇಷ ಕಾರಣವಿಲ್ಲದೆ ಬದಲಿಸಬೇಡಿ.

ತೆಗೆಯುವ ಕೆಲಸದಲ್ಲಿ ಎಡವುವವರು ಹೆಚ್ಚು. ಡೆಸ್ಕ್‌ಟಾಪಿನ ಚಿತ್ರವನ್ನು ಅಳಿಸಿದರೆ ಹೋಗುವುದು ದಾರಿ ತೋರಿಸುವ ಶಾರ್ಟ್‌ಕಟ್ ಮಾತ್ರ, ತಂತ್ರಾಂಶ ಇದ್ದಲ್ಲೇ ಇರುತ್ತದೆ. ಪ್ರೋಗ್ರಾಮ್ ಫೈಲ್ಸ್ ಒಳಗಿನ ಫೋಲ್ಡರನ್ನೇ ಅಳಿಸಿಬಿಡುವುದು ಇನ್ನೂ ಕೆಟ್ಟದ್ದು: ತಂತ್ರಾಂಶವನ್ನು ಕ್ರಮವಾಗಿ ತೆಗೆಯಬಲ್ಲ ಅನ್‌ಇನ್‌ಸ್ಟಾಲರ್ ಸಾಮಾನ್ಯವಾಗಿ ಅದೇ ಫೋಲ್ಡರಿನಲ್ಲಿರುವುದರಿಂದ, ಅಳವಡಿಸಿದ ತಂತ್ರಾಂಶಗಳ ಪಟ್ಟಿಯಲ್ಲಿ ಹೆಸರು ಮಾತ್ರ ಉಳಿದು, ತೆಗೆಯಲು ಹೋದರೆ ದೋಷದ ಸಂದೇಶ ಬರುತ್ತದೆ. ಈಗಾಗಲೇ ಹಾಗೆ ಆಗಿದ್ದರೆ ಅದೇ ಆವೃತ್ತಿಯನ್ನು ಮತ್ತೊಮ್ಮೆ ಅಳವಡಿಸಿ, ಅನಂತರ ಸರಿಯಾದ ದಾರಿಯಲ್ಲಿ ತೆಗೆಯುವುದು ಹೆಚ್ಚಿನ ಸಂದರ್ಭಗಳಲ್ಲಿ ಫಲಿಸುತ್ತದೆ.

ಸರಿಯಾದ ದಾರಿ ಎಂದರೆ, ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು, ಆ್ಯಪ್ಸ್ ವಿಭಾಗದ ಇನ್‌ಸ್ಟಾಲ್ಡ್ ಆ್ಯಪ್ಸ್‌ಗೆ ಹೋಗಿ, ಬೇಡವಾದ ಹೆಸರಿನ ಎದುರಿನ ಮೂರು ಚುಕ್ಕೆಗಳನ್ನು ಒತ್ತಿ ಅನ್‌ಇನ್‌ಸ್ಟಾಲ್ ಆರಿಸುವುದು. ಅದಕ್ಕೂ ಮೊದಲು ಆ ತಂತ್ರಾಂಶವನ್ನು ಮುಚ್ಚಿರಬೇಕು. ಗಡಿಯಾರದ ಪಕ್ಕದ ಸಣ್ಣ ಚಿತ್ರಗಳ ನಡುವೆ ಅದು ಇನ್ನೂ ಓಡುತ್ತಿರಬಹುದು. ಪಟ್ಟಿಯಲ್ಲಿ ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಎಂಬ ಹೆಸರು ಬೇರೆ ಬೇರೆ ಇಸವಿಗಳೊಂದಿಗೆ ಹಲವು ಸಲ ಕಂಡರೆ ಗಾಬರಿಯಾಗಬೇಕಿಲ್ಲ. ಅವು ಇತರ ತಂತ್ರಾಂಶಗಳಿಗೆ ಆಧಾರವಾಗಿರುವುದರಿಂದ ಮುಟ್ಟದಿರುವುದು ಒಳಿತು. ತೆಗೆದ ಮೇಲೂ ಬಳಕೆದಾರರ ಆಯ್ಕೆಗಳನ್ನು ಉಳಿಸಿಟ್ಟ ಕೆಲವು ಕಡತಗಳು ಆ್ಯಪ್‌ಡೇಟಾ ಎಂಬ ಮರೆಯ ಫೋಲ್ಡರಿನಲ್ಲಿ ಉಳಿಯಬಹುದು, ಸಾಮಾನ್ಯವಾಗಿ ಅವುಗಳಿಂದ ಹಾನಿಯಿಲ್ಲ. ವಿಂಡೋಸ್ ತನ್ನ ಮತ್ತು ತಂತ್ರಾಂಶಗಳ ಆಯ್ಕೆಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯನ್ನು ಶುದ್ಧಗೊಳಿಸುತ್ತೇವೆಂದು ಬರುವ ತಂತ್ರಾಂಶಗಳನ್ನಂತೂ ಹಾಕಲೇಬೇಡಿ.

ನುಡಿ, ಬರಹದಂಥ ಕನ್ನಡ ತಂತ್ರಾಂಶಗಳ ಹಳೆಯ ಆವೃತ್ತಿಗಳನ್ನು ತೆಗೆಯುವವರು ಇನ್ನೊಂದು ಎಚ್ಚರ ವಹಿಸಬೇಕು. ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರುಗಳು ಬಳಸುವ ಸಾಮಾನ್ಯ ಸಂಕೇತ ಕ್ರಮ) ಅಲ್ಲದ ಅಕ್ಷರಶೈಲಿಗಳಲ್ಲಿ ಬರೆದಿಟ್ಟ ಪತ್ರ, ಲೇಖನ, ವಂಶವೃಕ್ಷಗಳೆಲ್ಲ ಆ ಅಕ್ಷರಶೈಲಿ ಕಂಪ್ಯೂಟರಿನಲ್ಲಿ ಇರುವವರೆಗೆ ಮಾತ್ರ ಕನ್ನಡವಾಗಿ ಕಾಣುತ್ತವೆ, ಅದು ಹೋದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲುಗಳಾಗಿಬಿಡುತ್ತವೆ. ಆದ್ದರಿಂದ ಮೊದಲು ಅಂಥ ಕಡತಗಳ ಪ್ರತಿ ತೆಗೆದಿಟ್ಟು, ಪರಿವರ್ತಕದ ಮೂಲಕ ಅವನ್ನು ಯೂನಿಕೋಡಿಗೆ ಬದಲಿಸಿ, ಒತ್ತಕ್ಷರ, ಅರ್ಕಾವತ್ತು ಮತ್ತು ಅಂಕಿಗಳು ಸರಿಯಾಗಿ ಬಂದಿವೆಯೇ ಎಂದು ಸಾಲು ಸಾಲಾಗಿ ಓದಿ ನೋಡಿದ ಬಳಿಕವೇ ಅನ್‌ಇನ್‌ಸ್ಟಾಲ್ ಗುಂಡಿಯನ್ನು ಒತ್ತಿರಿ.